ಗ್ರಂಥವನ್ನು ಸುಟ್ಟವರು, ಗ್ರಂಥವನ್ನು ಹೊತ್ತವರು

(ಶ್ರಾವಣಮಾಸದ ಪ್ರವಚನಮಾಲೆಯಲ್ಲಿ ಮಾಡಿದ ಪ್ರವಚನ)



ಅರಿವೇ ಗುರು ಎಂಬ ಮಾತನ್ನು ಕುರಿತು ನಿನ್ನೆ ವಿಚಾರ ಮಾಡಿದೆವು. ಅರಿವು ಗುರುವಾದರೆ, ಆ ಅರಿವನ್ನು ಹೊತ್ತು ನಡೆಯುವ ಗ್ರಂಥವನ್ನು ಏನೆಂದು ಕರೆಯಬೇಕು? ಗುರು ಇಂದು ಇದ್ದಾನೆ, ನಾಳೆ ಬಯಲಾಗುತ್ತಾನೆ. ಅವನು ಆಡಿದ ಮಾತು ಗಾಳಿಯಲ್ಲಿ ಹೋಗದಂತೆ, ಹುಟ್ಟದೆ ಇರುವ ಮಕ್ಕಳ ಕಿವಿಗೂ ಮುಟ್ಟುವಂತೆ ಹೊತ್ತು ತರುವ ಹೆಗಲು ಯಾವುದು? ಅದೇ ಗ್ರಂಥ. ಆದ್ದರಿಂದ ಇಂದು ಗ್ರಂಥಗಳ ಕಥೆ ಹೇಳುತ್ತೇವೆ. ಇದು ಸಂತೋಷದ ಕಥೆಯಲ್ಲ. ಮನುಷ್ಯನು ದೇವರ ಹೆಸರನ್ನು ಹೇಳುತ್ತಲೇ ಜ್ಞಾನಕ್ಕೆ ಬೆಂಕಿ ಇಟ್ಟ ಕಥೆ. ಕೇಳುವಾಗ ನಿಮ್ಮ ಮನಸ್ಸು ಕುದಿಯಬಹುದು. ಕುದಿದ ಮನಸ್ಸನ್ನು ಎತ್ತ ತಿರುಗಿಸಬೇಕೆಂಬುದನ್ನು ಕೊನೆಯಲ್ಲಿ ವಿಚಾರ ಮಾಡೋಣ.

ಮೊದಲು ನಮ್ಮ ದೇಶದ ಮಾತು. ಇಂದಿನ ಬಿಹಾರ ಪ್ರಾಂತದಲ್ಲಿ, ಹಿಂದಿನ ಮಗಧದಲ್ಲಿ, ನಾಲಂದಾ ಎಂಬ ಮಹಾವಿಹಾರವಿತ್ತು. ಗುಪ್ತ ಅರಸರ ಕಾಲದಲ್ಲಿ, ಐದನೆಯ ಶತಮಾನದಲ್ಲಿ ಅದು ಹುಟ್ಟಿತು. ಹರ್ಷವರ್ಧನನೂ ನಮ್ಮ ಚಾಲುಕ್ಯ ಪುಲಕೇಶಿಯೂ ಆಳುತ್ತಿದ್ದ ಕಾಲಕ್ಕೆ ಚೀನದಿಂದ ಹ್ಯೂಯೆನ್ ತ್ಸಾಂಗ್ ಎಂಬ ಯಾತ್ರಿಕನು ಮರುಭೂಮಿ, ಹಿಮದ ಬೆಟ್ಟಗಳನ್ನು ದಾಟಿ ಬಂದು ಅಲ್ಲಿ ಶೀಲಭದ್ರನೆಂಬ ವೃದ್ಧ ಆಚಾರ್ಯನ ಕಾಲ ಬಳಿ ಕುಳಿತು ಕಲಿತನು. ಕ್ರಿ. ಶ. ೬೪೫ರಲ್ಲಿ ತನ್ನ ನಾಡಿಗೆ ಹಿಂತಿರುಗಿದಾಗ ಅವನು ಕುದುರೆಗಳ ಮೇಲೆ ಹೊರಿಸಿಕೊಂಡು ಹೋದದ್ದು ಬಂಗಾರವನ್ನಲ್ಲ, ೬೫೭ ಗ್ರಂಥಗಳನ್ನು. ನಾಲಂದೆಯಲ್ಲಿ ಬೌದ್ಧಶಾಸ್ತ್ರವೊಂದೇ ಅಲ್ಲ, ವೇದ, ವ್ಯಾಕರಣ, ತರ್ಕ, ವೈದ್ಯವನ್ನೂ ಕಲಿಸುತ್ತಿದ್ದರು. ತಮ್ಮದಲ್ಲದ ಮತದ ಶಾಸ್ತ್ರವನ್ನು ತಮ್ಮ ಮಠದಲ್ಲಿಯೇ ಓದಿಸುತ್ತಿದ್ದರು ಎಂಬ ಮಾತನ್ನು ನೆನಪಿಟ್ಟುಕೊಳ್ಳಿರಿ. ಮುಂದೆ ಇದು ಬೇಕಾಗುತ್ತದೆ.

ಸುಮಾರು ಕ್ರಿ. ಶ. ೧೨೦೦ರ ಹೊತ್ತಿಗೆ ಬಖ್ತಿಯಾರ್ ಖಿಲ್ಜಿ ಎಂಬ ದಂಡನಾಯಕನು ಆ ಸೀಮೆಯ ಮೇಲೆ ಬಿದ್ದನು. ಆಗ ನಡೆದದ್ದನ್ನು ಬರೆದಿಟ್ಟವನು ಬೇರೆ ಯಾರೂ ಅಲ್ಲ, ಅದೇ ಸುಲ್ತಾನರ ಆಶ್ರಯದಲ್ಲಿದ್ದ ಮಿನ್ಹಾಜ್ ಎಂಬ ಚರಿತ್ರೆಕಾರ. ಆ ದಾಳಿಯಲ್ಲಿದ್ದ ಸೈನಿಕನ ಬಾಯಿಂದಲೇ ಅವನು ಕೇಳಿ ಬರೆದನು. ಸೈನಿಕರು ಒಂದು ಕೋಟೆಯನ್ನು ಹಿಡಿದರು. ಒಳಗಿದ್ದವರೆಲ್ಲ ತಲೆ ಬೋಳಿಸಿಕೊಂಡವರು. ಅವರನ್ನು ಕೊಂದರು. ಆಮೇಲೆ ನೋಡಿದರೆ ಒಳಗೆ ಆಯುಧಗಳಿಲ್ಲ, ರಾಶಿ ರಾಶಿ ಪುಸ್ತಕಗಳು! ಇವುಗಳಲ್ಲಿ ಏನು ಬರೆದಿದೆ ಎಂದು ತಿಳಿಯುವ ಆಸೆ ಅವರಿಗೂ ಆಯಿತು. ಓದಿ ಹೇಳುವವರನ್ನು ಕರೆಯಿರಿ ಎಂದರು. ಆದರೆ ಓದಬಲ್ಲವರು ಯಾರೂ ಜೀವದಿಂದ ಉಳಿದಿರಲಿಲ್ಲ. ಆಗ ಅವರಿಗೆ ತಿಳಿಯಿತು, ತಾವು ಹಿಡಿದದ್ದು ಕೋಟೆಯಲ್ಲ, ವಿದ್ಯಾಪೀಠ ಎಂದು. ಆ ಸ್ಥಳ ನಾಲಂದೆಯ ಸಮೀಪದ ಓದಂತಪುರಿ ವಿಹಾರವೆಂದು ವಿದ್ವಾಂಸರು ಹೇಳುತ್ತಾರೆ.

ಶರಣರೆ, ಈ ಪ್ರಸಂಗವನ್ನು ಒಂದು ಗಳಿಗೆ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಿರಿ. ಪುಸ್ತಕಗಳು ಎದುರಿಗೆ ಬಿದ್ದಿವೆ, ಕೇಳುವ ಆಸೆಯೂ ಬಂದಿದೆ. ಆದರೆ ಹೇಳುವ ನಾಲಗೆ ಕತ್ತರಿಸಿಹೋಗಿದೆ. ಗ್ರಂಥಾಲಯವೆಂದರೆ ಬರಿಯ ಗ್ರಂಥಗಳ ರಾಶಿಯಲ್ಲ. ಗ್ರಂಥ ಒಂದು ಕಣ್ಣಾದರೆ ಅದನ್ನು ಓದುವವನು ಇನ್ನೊಂದು ಕಣ್ಣು. ಓದುವವನನ್ನು ಕೊಂದರೆ ಗ್ರಂಥಕ್ಕೆ ಬೆಂಕಿ ಇಡುವ ಶ್ರಮವೂ ಬೇಡ. ಅದು ತಾನಾಗಿಯೇ ಸತ್ತಹಾಗೆ.

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ನಾಲಂದೆಯ ಗ್ರಂಥಾಲಯಕ್ಕೆ ರತ್ನಸಾಗರ, ರತ್ನೋದಧಿ, ರತ್ನರಂಜಕ ಎಂಬ ಮೂರು ಸೌಧಗಳಿದ್ದವೆಂದು ವರ್ಣಿಸುವ ಟಿಬೆಟ್ಟಿನ ಗ್ರಂಥಕಾರರೇ ಬೇರೊಂದು ಕಥೆಯನ್ನೂ ಹೇಳುತ್ತಾರೆ. ಅಲ್ಲಿಯ ಎಳೆಯ ಭಿಕ್ಷುಗಳು ಬೇರೆ ಮತದ ಇಬ್ಬರು ಸಾಧುಗಳನ್ನು ಅವಮಾನ ಮಾಡಿದರಂತೆ. ಆ ಸಾಧುಗಳು ಸಿಟ್ಟಿನಿಂದ ಬೆಂಕಿ ಹೊತ್ತಿಸಿ ಗ್ರಂಥಸೌಧವನ್ನು ಸುಟ್ಟರಂತೆ. ಇದು ಎಷ್ಟರಮಟ್ಟಿಗೆ ನಡೆದದ್ದು ಎಂಬುದು ವಿದ್ವಾಂಸರ ಚರ್ಚೆಗೆ ಬಿಟ್ಟದ್ದು. ಆದರೆ ಬೆಂಕಿ ಹೊರಗಿನಿಂದಲೇ ಬರುತ್ತದೆ, ಒಳಗಿನಿಂದ ಬರುವುದಿಲ್ಲ ಎಂದು ನಂಬಿ ನಿದ್ರೆ ಮಾಡುವವನ ಮನೆ ಬಲುಬೇಗ ಸುಡುತ್ತದೆ.

ಇನ್ನು ಭೂಗೋಲದ ಆಚೆಯ ಬದಿಗೆ ಹೋಗೋಣ. ಅಮೆರಿಕ ಖಂಡದ ಮೆಕ್ಸಿಕೋ ದೇಶದಲ್ಲಿ ಯುಕಟಾನ್ ಎಂಬ ಸೀಮೆಯಿದೆ. ಅಲ್ಲಿ ಮಾಯಾ ಎಂಬ ಜನರಿದ್ದಾರೆ. ನಾವು ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಬರೆದಂತೆ ಅವರು ಅತ್ತಿಯ ಜಾತಿಯ ಮರದ ತೊಗಟೆಯನ್ನು ಬಡಿದು, ಹಾಳೆ ಮಾಡಿ, ಅದಕ್ಕೆ ಸುಣ್ಣ ಬಳಿದು, ಬಣ್ಣದಿಂದ ಬರೆಯುತ್ತಿದ್ದರು. ಪಂಚಾಂಗದ ಪಟ್ಟಿಯನ್ನು ಮಡಿಸಿದಂತೆ ಅದನ್ನು ಮಡಿಸಿ ಇಡುತ್ತಿದ್ದರು. ಸೊನ್ನೆ ಎಂಬ ಅಂಕಿಯನ್ನು ಭಾರತದವರು ಜಗತ್ತಿಗೆ ಕೊಟ್ಟರೆಂದು ಹೆಮ್ಮೆಪಡುತ್ತೇವೆ. ಅದು ನಿಜ. ನಮ್ಮ ಸುದ್ದಿಯನ್ನೇ ಕೇಳದ ಆ ಜನರೂ ತಾವೇ ಸ್ವತಂತ್ರವಾಗಿ ಸೊನ್ನೆಯನ್ನು ಕಂಡುಕೊಂಡಿದ್ದರು. ಶುಕ್ರಗ್ರಹ ಬೆಳಗಿನ ಚುಕ್ಕೆಯಾಗಿ ಮೂಡಿ, ಮುಳುಗಿ, ಮತ್ತೆ ಹಾಗೆಯೇ ಮೂಡಲು ೫೮೪ ದಿನ ಬೇಕೆಂದು ಲೆಕ್ಕ ಹಾಕಿದ್ದರು. ಗ್ರಹಣ ಬರಬಹುದಾದ ದಿನಗಳ ಪಟ್ಟಿ ಬರೆದಿಟ್ಟಿದ್ದರು.

ಸ್ಪೇನ್ ದೇಶದವರು ಆ ನಾಡನ್ನು ಗೆದ್ದರು. ಅವರ ಬೆನ್ನಿಗೆ ಕ್ರೈಸ್ತ ಸನ್ಯಾಸಿಗಳು ಬಂದರು. ಅವರಲ್ಲಿ ದಿಯೇಗೊ ದೆ ಲಾಂಡಾ ಎಂಬವನೊಬ್ಬ. ಈತನು ಓದುಬರಹ ಬಾರದವನೆಂದು ತಿಳಿಯಬೇಡಿರಿ. ಕಾಡು ಹಳ್ಳಿಗಳನ್ನು ಕಾಲ್ನಡಿಗೆಯಿಂದ ತಿರುಗಿ, ಆ ಜನರ ಭಾಷೆಯನ್ನು ಕಲಿತವನು. ತನ್ನ ವ್ರತನಿಯಮಗಳಲ್ಲಿ ಕಟ್ಟುನಿಟ್ಟಾಗಿದ್ದವನು. ೧೫೬೨ರಲ್ಲಿ ಮಾನಿ ಎಂಬ ಊರಿನ ಬಳಿಯ ಗವಿಯೊಂದರಲ್ಲಿ, ಹೊಸದಾಗಿ ಕ್ರೈಸ್ತರಾದವರು ಗುಟ್ಟಾಗಿ ತಮ್ಮ ಹಳೆಯ ದೇವರನ್ನು ಪೂಜಿಸುತ್ತಿರುವುದು ಬೆಳಕಿಗೆ ಬಂದಿತು. ಲಾಂಡಾ ಕೆರಳಿದನು. ಜನರನ್ನು ಹಿಡಿದು ತಂದು ಚಿತ್ರಹಿಂಸೆ ಮಾಡಿಸಿದನು. ಹಲವರು ಅದರಲ್ಲಿಯೇ ಸತ್ತರು. ಆ ವರ್ಷ ಜುಲೈ ೧೨ರಂದು ಮಾನಿ ಊರಿನಲ್ಲಿ ಜನರನ್ನೆಲ್ಲ ಕೂಡಿಸಿ, ಅವರ ಕಣ್ಣೆದುರಿಗೇ ಅವರ ದೇವರ ಮೂರ್ತಿಗಳನ್ನೂ ಪುಸ್ತಕಗಳನ್ನೂ ಬೆಂಕಿಗೆ ಹಾಕಿಸಿದನು. ಅವುಗಳಲ್ಲಿ ಮೂಢನಂಬಿಕೆ ಮತ್ತು ಸೈತಾನನ ಸುಳ್ಳುಗಳ ಹೊರತು ಬೇರೇನೂ ಇರಲಿಲ್ಲವೆಂದೂ, ಸುಟ್ಟಾಗ ಆ ಜನರು ಬಹಳ ಸಂಕಟಪಟ್ಟರೆಂದೂ ಅವನೇ ಮುಂದೆ ಬರೆದನು.

ಇಂದು ಇಡೀ ಜಗತ್ತಿನಲ್ಲಿ ಹುಡುಕಿದರೆ ಮಾಯಾ ಜನರ ಆ ಹಳೆಯ ಪುಸ್ತಕಗಳು ಎಷ್ಟು ಉಳಿದಿವೆ ಗೊತ್ತೆ? ನಾಲ್ಕು. ಜರ್ಮನಿಯ ಡ್ರೆಸ್ಡನ್ನಿನಲ್ಲಿ ಒಂದು, ಮ್ಯಾಡ್ರಿಡ್‌ನಲ್ಲಿ ಒಂದು, ಪ್ಯಾರಿಸ್‌ನಲ್ಲಿ ಒಂದು, ಮೆಕ್ಸಿಕೋ ನಗರದಲ್ಲಿ ಒಂದು. ನೂರಾರು ವರ್ಷ ಆಕಾಶವನ್ನು ನೋಡಿ ನೋಡಿ ಬರೆದ ಜನಾಂಗದ ಹೊತ್ತಗೆಗಳಲ್ಲಿ ನಾಲ್ಕು!

ಲಾಂಡಾ ತಪ್ಪಿದ್ದು ಎಲ್ಲಿ? ಅವನಲ್ಲಿ ಭಕ್ತಿ ಇರಲಿಲ್ಲವೆ? ಇತ್ತು. ಓದು ಇರಲಿಲ್ಲವೆ? ಇತ್ತು. ಇರದಿದ್ದುದು ವಿನಯ. ಸತ್ಯವೆಲ್ಲ ನನ್ನ ಜೋಳಿಗೆಯಲ್ಲಿಯೇ ಇದೆ, ಬೇರೆಯವನ ಜೋಳಿಗೆಯಲ್ಲಿ ಇರುವುದೆಲ್ಲ ಕಸ ಎಂದುಕೊಂಡವನು ಎಷ್ಟು ಜಪ ಮಾಡಿದರೇನು, ಎಷ್ಟು ಉಪವಾಸ ಮಾಡಿದರೇನು? ಅವನ ಕೈಯಲ್ಲಿರುವ ದೀಪ ಕೊಳ್ಳಿಯಾಗುವುದಕ್ಕೆ ಒಂದು ಗಳಿಗೆ ಸಾಕು. ದೀಪಕ್ಕೂ ಕೊಳ್ಳಿಗೂ ಬೆಂಕಿ ಒಂದೇ, ಹಿಡಿದವನ ಮನಸ್ಸು ಬೇರೆ. ಅಜ್ಞಾನಿ ಸುಟ್ಟರೆ ಕೈಗೆ ಸಿಕ್ಕಷ್ಟನ್ನು ಸುಡುತ್ತಾನೆ. ಅಹಂಕಾರಿ ಪಂಡಿತನು ಹುಡುಕಿ ಹುಡುಕಿ ಸುಡುತ್ತಾನೆ.

ಇನ್ನು ಮುಂದಿನ ವಿಚಿತ್ರವನ್ನು ಕೇಳಿರಿ. ಲಾಂಡಾ ಮಿತಿಮೀರಿ ನಡೆದುಕೊಂಡನೆಂದು ಅವನ ಮತದವನೇ ಆದ ಬಿಷಪ್ ತೊರಾಲ್ ಎಂಬಾತನು ಆಕ್ಷೇಪಣೆ ಎತ್ತಿದನು. ಲಾಂಡಾ ಸ್ಪೇನಿಗೆ ಹೋಗಿ ವಿಚಾರಣೆಗೆ ನಿಲ್ಲಬೇಕಾಯಿತು. ಅಲ್ಲಿ ಕುಳಿತು, ಸುಮಾರು ೧೫೬೬ರಲ್ಲಿ, ಮಾಯಾ ಜನರ ನಡೆನುಡಿಗಳನ್ನು ಕುರಿತು ಒಂದು ಗ್ರಂಥ ಬರೆದನು. ಅದರಲ್ಲಿ ಅವರ ಅಕ್ಷರಗಳ ಒಂದು ಪಟ್ಟಿಯನ್ನೂ ಕೊಟ್ಟನು. ಮುಂದೆ ಅವನು ದೋಷಮುಕ್ತನಾಗಿ, ಬಿಷಪ್ ಆಗಿ ಅದೇ ನಾಡಿಗೆ ಮರಳಿದನು. ಅವನ ಗ್ರಂಥ ಮರೆತುಹೋಗಿ ಮೂಲೆಯಲ್ಲಿ ಬಿದ್ದಿತು. ಸುಮಾರು ಮುನ್ನೂರು ವರ್ಷಗಳ ಮೇಲೆ, ೧೮೬೨ರಲ್ಲಿ, ಅದರ ಒಂದು ಪ್ರತಿ ಮ್ಯಾಡ್ರಿಡ್ ನಗರದಲ್ಲಿ ಸಿಕ್ಕಿತು. ೧೯೫೨ರಲ್ಲಿ ರಷ್ಯದ ಯೂರಿ ಕ್ನೊರೊಜೊವ್ ಎಂಬ ವಿದ್ವಾಂಸನು ಆ ಪಟ್ಟಿಯನ್ನೇ ಆಧಾರವಾಗಿ ಹಿಡಿದು, ಯಾರೂ ಓದಲಾರದ ಮಾಯಾ ಲಿಪಿಯನ್ನು ಓದುವ ದಾರಿ ತೋರಿಸಿದನು. ಸುಟ್ಟ ಕೈಯೇ ಬೀಗದ ಕೈಯನ್ನೂ ಬಿಟ್ಟುಹೋಗಿತ್ತು. ಬಾಗಿಲು ತೆರೆಯಿತು, ಒಳಗಿನ ಕಣಜ ಮಾತ್ರ ಸುಟ್ಟು ಬೂದಿಯಾಗಿತ್ತು.

ಇಷ್ಟು ಕೇಳಿದ ಮೇಲೆ, ಆ ಮತದವರು ಕೆಟ್ಟವರು, ಈ ಮತದವರು ದುಷ್ಟರು ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ. ಅಲ್ಲಿಯೇ ತಡೆಯಿರಿ. ಅಲೆಕ್ಸಾಂಡ್ರಿಯದ ಗ್ರಂಥಾಲಯದ ಕಥೆಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅರಬರು ಈಜಿಪ್ಟ್ ದೇಶವನ್ನು ಗೆದ್ದಾಗ ಖಲೀಫ ಉಮರನು, ಈ ಪುಸ್ತಕಗಳಲ್ಲಿ ಇರುವುದು ಕುರಾನಿನಲ್ಲಿ ಇದ್ದರೆ ಇವು ಬೇಡ, ಇಲ್ಲದಿದ್ದರೆ ಇವು ಕೇಡು, ಹೇಗಾದರೂ ಸುಟ್ಟುಬಿಡಿರಿ ಎಂದನಂತೆ; ಸ್ನಾನದ ಮನೆಗಳ ಒಲೆಗೆ ಆರು ತಿಂಗಳು ಪುಸ್ತಕಗಳೇ ಸೌದೆಯಾದವಂತೆ. ಶತಮಾನಗಳಿಂದ ಜನ ಈ ಕಥೆಯನ್ನು ಹೇಳುತ್ತ ಬಂದಿದ್ದಾರೆ. ಆದರೆ ಅರಬರು ಆ ನಗರವನ್ನು ಗೆದ್ದದ್ದು ಏಳನೆಯ ಶತಮಾನದಲ್ಲಿ. ಈ ಕಥೆ ಬರಹದಲ್ಲಿ ಕಾಣಿಸಿಕೊಳ್ಳುವುದು ಅದಾಗಿ ಸುಮಾರು ಆರು ನೂರು ವರ್ಷಗಳ ಮೇಲೆ. ಚರಿತ್ರೆ ಬಲ್ಲವರು ಇದನ್ನು ನಂಬುವುದಿಲ್ಲ. ಆ ದೊಡ್ಡ ಗ್ರಂಥಾಲಯ ಅದಕ್ಕಿಂತ ಎಷ್ಟೋ ಮೊದಲೇ, ಯುದ್ಧಗಳಿಂದಲೂ ಅರಸರ ಅಲಕ್ಷ್ಯದಿಂದಲೂ ಕ್ಷಯಿಸಿ ಹೋಗಿತ್ತು. ಮಾಡಿದ ತಪ್ಪನ್ನು ಮುಚ್ಚುವುದು ಸುಳ್ಳು. ಮಾಡದ ತಪ್ಪನ್ನು ಹೊರಿಸುವುದೂ ಸುಳ್ಳೇ. ಸುಟ್ಟ ಗ್ರಂಥದ ನೆಪದಿಂದ ಇಂದಿನ ನೆರೆಯವನ ಮನೆಗೆ ಕಲ್ಲು ಎಸೆಯುವವನು ಗ್ರಂಥದ ಬಂಧುವಲ್ಲ, ಬೆಂಕಿಯ ಬಂಧು.

ಹಾಗಾದರೆ ಗ್ರಂಥದ ಬಂಧು ಯಾರು? ಅವರ ಕಥೆಯನ್ನೂ ಹೇಳುತ್ತೇವೆ.

ನಾಲಂದಾ ಹಾಳಾದ ಮೇಲೆ, ಕ್ರಿ. ಶ. ೧೨೩೫ರ ಸುಮಾರಿಗೆ ಧರ್ಮಸ್ವಾಮಿ ಎಂಬ ಟಿಬೆಟ್ಟಿನ ಯಾತ್ರಿಕನು ಅಲ್ಲಿಗೆ ಬಂದನು. ಪಾಳುಬಿದ್ದ ವಿಹಾರಗಳ ನಡುವೆ ರಾಹುಲ ಶ್ರೀಭದ್ರನೆಂಬ ಆಚಾರ್ಯನು ಕುಳಿತಿದ್ದನು. ವಯಸ್ಸು ತೊಂಬತ್ತು ದಾಟಿತ್ತು. ಎದುರಿಗೆ ಸುಮಾರು ೭೦ ಶಿಷ್ಯರು. ಪಾಠ ನಡೆದಿತ್ತು! ಅಷ್ಟರಲ್ಲಿ ಸೈನಿಕರು ಬರುತ್ತಿದ್ದಾರೆಂಬ ಸುದ್ದಿ ಬಂತು. ಶಿಷ್ಯರು ಚದರಿದರು. ನನಗೆ ವಯಸ್ಸಾಗಿದೆ, ನೀನು ಓಡಿಹೋಗು ಎಂದು ಆಚಾರ್ಯನು ಹೇಳಿದರೂ ಧರ್ಮಸ್ವಾಮಿ ಒಪ್ಪಲಿಲ್ಲ. ಗುರುವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಸಮೀಪದ ಗುಡಿಯೊಂದರಲ್ಲಿ ಅಡಗಿಸಿ ಉಳಿಸಿದನು. ಶರಣರೆ, ಆ ದಿನ ಅವನು ಹೊತ್ತದ್ದು ಒಬ್ಬ ಮುದುಕನನ್ನಲ್ಲ, ಉಳಿದಿದ್ದ ನಾಲಂದೆಯನ್ನು.

ಭಾರತದ ಗ್ರಂಥಗಳನ್ನು ಟಿಬೆಟ್ಟಿನವರು ತಮ್ಮ ಭಾಷೆಗೆ ತಿರುಗಿಸಿಕೊಂಡು ಕಾಪಾಡಿದರು. ತಾಳೆಗರಿಯ ಮೂಲಗಳನ್ನೂ ಮಠಗಳಲ್ಲಿ ಇಟ್ಟುಕೊಂಡರು. ೧೯೩೦ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಅಲ್ಲಿಗೆ ಮತ್ತೆ ಮತ್ತೆ ಹೋಗಿ, ನಮ್ಮ ದೇಶದಲ್ಲಿ ಕಳೆದೇಹೋಗಿದ್ದ ಧರ್ಮಕೀರ್ತಿಯ ಪ್ರಮಾಣವಾರ್ತಿಕದಂತಹ ಸಂಸ್ಕೃತ ಗ್ರಂಥಗಳನ್ನು ಬೆಳಕಿಗೆ ತಂದರು. ಮಾಯಾ ಜನರಲ್ಲಿಯೂ ಹಾಗೆಯೇ. ಗ್ವಾಟೆಮಾಲ ನಾಡಿನ ಕಿಚೆ ಎಂಬ ಪಂಗಡದವರು, ಗೆದ್ದವರ ಲಿಪಿಯನ್ನೇ ಕಲಿತು, ತಮ್ಮ ಹಿರಿಯರ ಪುರಾಣವಾದ ಪೊಪೊಲ್ ವೂಹ್ ಎಂಬುದನ್ನು ಹದಿನಾರನೆಯ ಶತಮಾನದಲ್ಲಿ ಬರೆದು ಬಚ್ಚಿಟ್ಟರು. ಹದಿನೆಂಟನೆಯ ಶತಮಾನದ ಮೊದಲಲ್ಲಿ ಅದನ್ನು ಕಂಡು, ಅಕ್ಷರ ಬಿಡದಂತೆ ನಕಲು ಮಾಡಿ, ಸ್ಪ್ಯಾನಿಷ್ ಭಾಷೆಗೆ ತಿರುಗಿಸಿದವನು ಯಾರು? ಫ್ರಾನ್ಸಿಸ್ಕೊ ಹಿಮೇನೆಸ್ ಎಂಬ ಕ್ರೈಸ್ತ ಸನ್ಯಾಸಿ! ಸುಟ್ಟವನೂ ಸನ್ಯಾಸಿ, ಉಳಿಸಿದವನೂ ಸನ್ಯಾಸಿ. ಇಬ್ಬರ ಕೊರಳಲ್ಲಿದ್ದ ಶಿಲುಬೆ ಒಂದೇ. ಆದ್ದರಿಂದ ಲಾಂಛನವನ್ನು ನೋಡಿ ಮನುಷ್ಯನನ್ನು ಅಳೆಯಬೇಡಿರಿ.

ಈಗ ನಮ್ಮ ಮನೆಯ ವಿಚಾರಕ್ಕೆ ಬರೋಣ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಏನಾಯಿತು ನೀವು ಬಲ್ಲಿರಿ. ಹರಳಯ್ಯ ಮಧುವಯ್ಯಗಳಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಶರಣರು ಚೆಲ್ಲಾಪಿಲ್ಲಿಯಾದರು. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಒಂದು ತಂಡ ವಚನದ ಕಟ್ಟುಗಳನ್ನು ಹೊತ್ತುಕೊಂಡು ಉಳವಿಯ ಅಡವಿಯತ್ತ ನಡೆಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಆ ದಾರಿಯಲ್ಲಿ ಎಷ್ಟು ಉಳಿಯಿತು, ಎಷ್ಟು ಅಳಿಯಿತು, ಲೆಕ್ಕ ಇಟ್ಟವರಾರು? ಸೂಳೆ ಸಂಕವ್ವೆ ಎಂಬ ಶರಣೆಯದು ಇಂದು ದೊರೆತಿರುವುದು ಒಂದೇ ಒಂದು ವಚನ. ಆ ತಾಯಿ ಬಾಳಿನಲ್ಲಿ ಒಂದೇ ಸಲ ಬಾಯಿ ತೆರೆದಳೆಂದು ನಂಬಬಹುದೆ? ಉಳಿದ ಮಾತುಗಳನ್ನು ಕಾಲ ನುಂಗಿತು.

ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂತಹ ಹಿರಿಯರು, ವಿರಕ್ತರು ಕೂಡಿ ಅಳಿದುಳಿದ ವಚನಗಳನ್ನು ಹುಡುಕಿದರು, ಜೋಡಿಸಿದರು, ನಕಲು ಮಾಡಿದರು. ಮುಂದೆ ಮತ್ತೆ ಕತ್ತಲೆ ಕವಿಯಿತು. ಈ ಸಲ ಬೆಂಕಿ ಇಟ್ಟವರು ಯಾರೂ ಇಲ್ಲ, ಇಟ್ಟದ್ದು ಗೆದ್ದಲು. ಮಠಗಳಲ್ಲಿ, ಮನೆಗಳಲ್ಲಿ ಕಟ್ಟುಗಳನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಜಗುಲಿಯ ಮೇಲೆ ಇಟ್ಟರು. ವಿಭೂತಿ ಹಚ್ಚಿದರು, ಪತ್ರಿ ಏರಿಸಿದರು, ಕೈಮುಗಿದರು. ಬಿಚ್ಚಿ ಓದಲಿಲ್ಲ. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಕೂಡಿಸಿದರು. ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಮನೆ ಮಾರಿ ಮುದ್ರಣಾಲಯ ಹಾಕಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ವಕೀಲಿಯಲ್ಲಿ ಗಳಿಸಬಹುದಾಗಿದ್ದುದನ್ನು ಬಿಟ್ಟು, ಸವೆದ ಅಂಗಿ ತೊಟ್ಟು ದುಡಿದರು. ೧೯೯೩ರಲ್ಲಿ ಸಮಗ್ರ ವಚನ ಸಾಹಿತ್ಯ ೧೫ ಸಂಪುಟಗಳಲ್ಲಿ ಬಂದಿತು. ೨೦,೦೦೦ಕ್ಕೂ ಮೇಲ್ಪಟ್ಟು ವಚನಗಳು! ಇಂದು ನಮ್ಮ ಮಕ್ಕಳು ಬಾಯಿಪಾಠ ಮಾಡುವ ವಚನಗಳ ಹಿಂದೆ ಎಷ್ಟು ಹೆಗಲುಗಳು ದುಡಿದಿವೆ ನೋಡಿರಿ.

ಆ ೧೫ ಸಂಪುಟಗಳ ಪ್ರಧಾನ ಸಂಪಾದಕರಾಗಿದ್ದವರು ಡಾ. ಎಂ. ಎಂ. ಕಲಬುರ್ಗಿಯವರು. ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿಯೇ ಅವರು ಗುಂಡಿಗೆ ಬಲಿಯಾದರು. ಇದನ್ನು ಹೇಳುವಾಗ ನಮ್ಮ ಗಂಟಲು ಕಟ್ಟುತ್ತದೆ. ಅದರೊಡನೆ ಇನ್ನೊಂದು ಮಾತನ್ನೂ ಹೇಳದಿದ್ದರೆ ಈ ಪೀಠದ ಮೇಲೆ ಕುಳಿತದ್ದು ವ್ಯರ್ಥ. ಅದಕ್ಕೂ ಎಷ್ಟೋ ವರ್ಷಗಳ ಹಿಂದೆ, ೧೯೮೯ರಲ್ಲಿ, ಅವರ ಸಂಶೋಧನೆಯ ಕೆಲವು ಮಾತುಗಳನ್ನು ಹಿಂತೆಗೆದುಕೊಳ್ಳಬೇಕೆಂದು ಅವರನ್ನು ಒತ್ತಾಯಿಸಿದವರು ಹೊರಗಿನವರಲ್ಲ, ನಮ್ಮ ಸಮಾಜದವರೇ. ಅವರ ಮಾತು ಸರಿಯೋ ತಪ್ಪೋ ಎಂಬುದಲ್ಲ ಇಲ್ಲಿಯ ಪ್ರಶ್ನೆ. ತಪ್ಪಿದ್ದರೆ ಬರೆದು ಉತ್ತರ ಕೊಡಬೇಕು. ಅನುಭವಮಂಟಪವೆಂಬುದು ಏತಕ್ಕೆ ಇತ್ತು? ಅಲ್ಲಿ ಅಲ್ಲಮಪ್ರಭುಗಳು ಶೂನ್ಯಪೀಠದ ಮೇಲೆ ಕುಳಿತು, ಬಂದವರನ್ನು ಪ್ರಶ್ನಿಸಿದರು, ಪ್ರಶ್ನೆಗೆ ಒಡ್ಡಿಕೊಂಡರು. ಮಾತಿಗೆ ಮಾತು ಎದುರಾಯಿತೇ ಹೊರತು ಮಾತಿಗೆ ಬೆದರಿಕೆ ಎದುರಾಗಲಿಲ್ಲ. ಕಲ್ಯಾಣದ ಬೆಂಕಿಯನ್ನು ನೆನೆದು ಅಳುವವರು, ತಮ್ಮ ಕೈಯಲ್ಲಿ ಕಡ್ಡಿಪೆಟ್ಟಿಗೆ ಇದೆಯೋ ಎಂದು ಒಮ್ಮೆ ನೋಡಿಕೊಳ್ಳಬೇಕು.

ನಮ್ಮ ಕಡೆಯ ಒಕ್ಕಲಿಗನು ಬರಗಾಲದಲ್ಲಿ ಏನು ಮಾಡುತ್ತಾನೆ? ಹೊಟ್ಟೆ ಕಟ್ಟಿ ಮಲಗುತ್ತಾನೆ, ಬೀಜದ ಕಾಳನ್ನು ಮಾತ್ರ ಮುಟ್ಟುವುದಿಲ್ಲ. ತನ್ನ ಹೊಲದಲ್ಲಿ ಬಿಳಿಜೋಳ ಬೆಳೆಯುವವನು ನೆರೆಯವನ ಸಜ್ಜೆಯ ಬೀಜಕ್ಕೆ ಬೆಂಕಿ ಇಡುವುದಿಲ್ಲ. ಮುಂದಿನ ವರ್ಷ ಮಳೆ ಯಾವ ಬೆಳೆಗೆ ಒದಗುತ್ತದೋ ಬಲ್ಲವರಾರು? ಗ್ರಂಥಗಳೂ ಬೀಜದ ಕಾಳುಗಳೇ. ಇಂದು ನಿನಗೆ ಬೇಡವಾದದ್ದು ನಾಳೆ ನಿನ್ನ ಮೊಮ್ಮಗನಿಗೆ ಬೇಕಾಗಬಹುದು. ತಂಜಾವೂರು ಸೀಮೆಯ ಒಬ್ಬ ಪಂಡಿತರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿಯ ಕಟ್ಟನ್ನು ತಂದುಕೊಟ್ಟರು. ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು! ಅಂದು ಆ ಪಂಡಿತರು ಕಟ್ಟನ್ನು ಹೊಳೆಗೆ ಬಿಟ್ಟಿದ್ದರೆ?

ತಾಯಂದಿರೆ, ನಿಮ್ಮ ಮನೆಗಳ ಅಟ್ಟದ ಮೇಲೆ, ಜಗುಲಿಯ ಮೂಲೆಯಲ್ಲಿ, ಅಜ್ಜನ ಪೆಟ್ಟಿಗೆಯಲ್ಲಿ ಓಲೆಯ ಕಟ್ಟುಗಳು, ಹಳೆಯ ಕೈಬರಹದ ವಹಿಗಳು ಇರಬಹುದು. ಓದಲು ಬರುವುದಿಲ್ಲವೆಂದು ಹೊಳೆಗೆ ಬಿಡಬೇಡಿರಿ. ಪೂಜೆಗೆ ಇರಲೆಂದು ಬಿಗಿದು ಕಟ್ಟಿಯೂ ಇಡಬೇಡಿರಿ. ಮಠಕ್ಕೆ ತನ್ನಿರಿ, ಇಲ್ಲವೆ ಧಾರವಾಡದ, ಮೈಸೂರಿನ, ಹಂಪಿಯ ವಿಶ್ವವಿದ್ಯಾಲಯಗಳಲ್ಲಿ ಬಲ್ಲವರಿಗೆ ತೋರಿಸಿರಿ. ಈಗ ಗರಿಯನ್ನು ನೋಯಿಸದೆ ಚಿತ್ರ ತೆಗೆದುಕೊಳ್ಳುವ ಯಂತ್ರಗಳಿವೆ; ಚಿತ್ರ ತೆಗೆಸಿ ಮೂಲವನ್ನು ನೀವೇ ಇಟ್ಟುಕೊಳ್ಳಿರಿ. ಅದು ಜೈನರ ಪುರಾಣವಾಗಿದ್ದರೂ ಸರಿ, ದಾಸರ ಪದವಾಗಿದ್ದರೂ ಸರಿ, ಸೂಫಿ ಸಂತರ ಮಾತಾಗಿದ್ದರೂ ಸರಿ, ವಚನದಷ್ಟೇ ಜೋಪಾನ ಮಾಡಿರಿ. ನಾಲಂದೆಯವರು ಬೇರೆ ಮತದ ಶಾಸ್ತ್ರವನ್ನು ತಮ್ಮ ಮಠದಲ್ಲಿ ಓದಿಸುತ್ತಿದ್ದರೆಂದು ನೆನಪಿಡಲು ಹೇಳಿದ್ದೆವಲ್ಲ, ಅದು ಈ ಮಾತಿಗಾಗಿ. ಗಂಡುಮಕ್ಕಳಾಗಲಿ, ಹೆಣ್ಣುಮಕ್ಕಳಾಗಲಿ, ಮನೆಗೆ ಒಬ್ಬರಾದರೂ ಹಳೆಗನ್ನಡವನ್ನು, ಹಳೆಯ ಅಕ್ಷರವನ್ನು ಕಲಿಯಲಿ. ಕಟ್ಟು ಉಳಿದು ಓದುವವರು ಇಲ್ಲದೆ ಹೋದರೆ ನಮ್ಮ ಮನೆಯೂ ಓದಂತಪುರಿಯೇ ಆಗುತ್ತದೆ.

ಹೊತ್ತಿಸುವುದಕ್ಕೆ ಒಂದು ಕೈ ಸಾಕು, ಒಂದು ಗಳಿಗೆ ಸಾಕು. ಹೊರುವುದಕ್ಕೆ ತಲೆತಲಾಂತರದ ಹೆಗಲುಗಳು ಬೇಕು. ಆ ಹೆಗಲುಗಳ ಸಾಲಿನಲ್ಲಿ ನಿಮ್ಮ ಹೆಗಲೂ ಒಂದಾಗಲಿ, ಬಸವಾದಿ ಪ್ರಮಥರು ನಿಮಗೆ ಆ ಬಲವನ್ನು ಕೊಡಲಿ ಎಂದು ಹಾರೈಸಿ ಇಂದಿನ ಪ್ರವಚನವನ್ನು ಮುಗಿಸುತ್ತೇವೆ.